ಇವತ್ತೋ, ಇವತ್ತಿನಿಂದಲೋ

ಮಧುಗಿರಿ
೧೨-೩-೧೯೮೪

ಚಿ. ಸೌ. ಜಗದಾಂಬಾ,

ನಿನ್ನ ಸೊಂಟನೋವು ಹೇಗಿದೆ? ಬಾಣಂತಿಯ ಕೆಲಸವೆಲ್ಲ ನಿನ್ನೊಬ್ಬಳ ಮೇಲೆ ಬಿದ್ದಿದೆ, ಪಾವಗಡದ ಬಿಸಿಲು ಬೇರೆ. ಮಗಳು ಸರ್ವಮಂಗಳಾ ಸರಿಯಾಗಿ ಉಣ್ಣುತ್ತಾಳೆಯೇ? ಇಲ್ಲಿ ನಾನು ಕ್ಷೇಮ ಎಂದು ಬರೆಯಬೇಕು. ಕ್ಷೇಮವೋ ಅಲ್ಲವೋ ನನಗೇ ತಿಳಿಯದು.

ಕಡಲೆಕಾಯಿ ವ್ಯಾಪಾರಕ್ಕೆ ಅಲ್ಲಿಗೆ ಬಂದಿದ್ದ ಪೆದ್ದಣ್ಣ ನಿನ್ನ ಮಾತು ಮುಟ್ಟಿಸಿದ: "ನಾಮಕರಣಕ್ಕೂ ಬರ್ಲಿಲ್ಲ, ಮಗಳ ಮಗ ಅಂತ ತಾತ್ಸಾರವಾ ಕೇಳು." ಹಾಗಲ್ಲವೇ ಮಾರಾಯ್ತಿ. ನನ್ನ ಬಲಗೈ ನಡುಗುವುದು ನಿನಗೆ ಗೊತ್ತು. ಲೋಟ ಹಿಡಿದರೆ ನಿಲ್ಲುತ್ತದೆ, ತೊಡೆಯ ಮೇಲಿಟ್ಟರೆ ಶುರುವಾಗುತ್ತದೆ. ತಮ್ಮ ರೇಣುಕಯ್ಯ ಕಳೆದ ತಿಂಗಳು ನನ್ನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ನೀನು ಗಾಬರಿಯಾಗುತ್ತೀಯೆಂದು ತಿಳಿಸಲಿಲ್ಲ. ಅಲ್ಲಿ ತೋಳಿಗೆ ಅಣುಶಕ್ತಿಯ ಮದ್ದು ಚುಚ್ಚಿ, ಮಲಗಿಸಿ, ತಲೆಯ ಹತ್ತಿರ ಒಂದು ಯಂತ್ರ ತಂದಿಟ್ಟರು. ಮದ್ದು ಮಿದುಳಿನಲ್ಲಿ ಓಡಾಡುವುದನ್ನು ಅದು ಚಿತ್ರ ತೆಗೆಯುತ್ತದಂತೆ. ಚಿತ್ರ ನೋಡಿದ ಡಾಕ್ಟರು, ಗಡ್ಡೆ ಗಿಡ್ಡೆ ಏನೂ ಇಲ್ಲ ಎಂದರು. ನಾನು ಕೈಮುಗಿದೆ. ಆಮೇಲೆ ನನ್ನನ್ನು ನಡೆಸಿ ನೋಡಿ, ನಡುಕದ ಕಾಯಿಲೆ ಇದೆ, ಅದು ಈ ಚಿತ್ರದಲ್ಲಿ ಕಾಣುವುದಿಲ್ಲ ಎಂದು ಮಾತ್ರೆ ಬರೆದುಕೊಟ್ಟರು. ಕಾಣದ್ದು ಇದೆಯಂತೆ, ಕಾಣುವಂಥದ್ದು ಇಲ್ಲವಂತೆ. ನಗಬೇಕೋ ಅಳಬೇಕೋ ಹೇಳು.

ಹೊರಡುವಾಗ ನರ್ಸಮ್ಮ, ಹಸುಗೂಸು ಎತ್ತಿಕೊಳ್ಳಬೇಡಿ ಎಂದಳು. "ಇವತ್ತು" ಎಂದಳೋ "ಇವತ್ತಿನಿಂದ" ಎಂದಳೋ, ಆ ಗಲಾಟೆಯಲ್ಲಿ ಸರಿಯಾಗಿ ಕೇಳಿಸಲಿಲ್ಲ. ರೇಣುಕಯ್ಯನನ್ನು ಕೇಳಿದರೆ, "ಇವತ್ತಿಂದ ಅಂದ್ಲು ಕಣಣ್ಣ. ಅದು ಬಾಂಬಿನ ಮದ್ದು, ಮಗೀನ ತಂಟೆಗೆ ಹೋಗ್ಬ್ಯಾಡ" ಎನ್ನುತ್ತಾನೆ. ಬಂದು ತೊಟ್ಟಿಲ ಹತ್ತಿರ ನಿಂತರೆ ಎತ್ತಿಕೊಳ್ಳದೆ ಇರಬಲ್ಲೆನೇ? ಅದಕ್ಕೇ ಬರಲಿಲ್ಲ. ಎರಡು ಸಲ ಬಸ್ಸು ಹತ್ತಿ ಇಳಿದೆ. ಈಗ ಮುಂದೇನು ಮಾಡಬೇಕೋ ತೋಚುತ್ತಿಲ್ಲ.

ಬರೆಯುತ್ತಾ ಬರೆಯುತ್ತಾ ಅಕ್ಷರ ಇರುವೆಯಷ್ಟಾಗಿದೆ, ಅಳಿಯಂದಿರಿಂದ ಓದಿಸಿಕೋ. ಅವರಿಗೆ ಶರಣು, ಮಗಳಿಗೂ ಕೂಸಿಗೂ ಆಶೀರ್ವಾದ.

ನಿನ್ನ
ಅಡವಯ್ಯ

ತಾ.ಕ.: ಅಂಚೆಗೆ ಹಾಕಲು ಹೊರಟವನು ದಾರಿಯಲ್ಲಿ ಇಲ್ಲಿಯ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನನ್ನೇ ಕೇಳಿಬಿಟ್ಟೆ. "ಅಯ್ಯೋ ತಾತಾ, ಅವತ್ತೊಂದು ದಿನ ಅಷ್ಟೇ! ಮದ್ದು ಯಾವಾಗ್ಲೋ ಹೊಂಟೋಯ್ತು" ಎಂದು ನಕ್ಕರು. ಕೈ ನಡುಗುತ್ತದಲ್ಲ ಎಂದೆ. "ಕೂತ್ಕೊಂಡು ತೊಡೆ ಮೇಲೆ ಮಲಗಿಸ್ಕೊಳ್ಳಿ" ಎಂದರು. ಮುಂದಿನ ಸೋಮವಾರ ಬರುತ್ತೇನೆ. ಕೋಪವಿದ್ದರೆ ನನ್ನ ಮೇಲೆ ತೀರಿಸಿಕೋ, ಕೂಸನ್ನು ಮಾತ್ರ ಕೊಡು. ಅವನಿಗೆ ಏನು ಹೆಸರಿಟ್ಟಿರಿ? ಪೆದ್ದಣ್ಣ ಮರೆತುಬಿಟ್ಟಿದ್ದಾನೆ.