ಒಲೆಯ ಪಕ್ಕದ ಸರದಿ

ಜೂನ್ 4, ಬೆಳಿಗ್ಗೆ
ಮನೆ ಬೆಚ್ಚಗಿಡುವ ಕಟ್ಟಿಗೆ ಒಲೆ ಹೊತ್ತಿಸಿದೆ. ಇಲ್ಲಿ ಜೂನ್ ಎಂದರೆ ನಡುಚಳಿ; ಹೊರಗೆ ಹಿಮ, ಅದರ ಮೇಲೆ ಮನೆಮನೆಯ ಒಲೆಗಳ ಹೊಗೆ. ಎದುರು ಮನೆ ಕಾಣುವುದಿಲ್ಲ. ನಾನು ಎಡೆಲ್ಮೀರಾ ಬಾರಿಯಾ. ಚಿಲಿಯ ದಕ್ಷಿಣ ತುದಿಯ ಈ ಬೀದಿಯ ಸಂಘಕ್ಕೆ ಅಧ್ಯಕ್ಷೆ; ಎಲ್ಲರಿಗೂ ದೋನ್ಯಾ, ಎಂದರೆ ಅಮ್ಮಾವ್ರು. ಹೈಸ್ಕೂಲು ಮುಗಿಸಿದವಳು. ನಾನು ಕೂರುವ ಮುಂಚೆ ಈ ಮನೆಯಲ್ಲಿ ಯಾರೂ ಕೂರುವುದಿಲ್ಲ.
ಮೊಮ್ಮಗಳು ಅಯೆಲೆನ್ ಮತ್ತೆ ಕೆಮ್ಮುತ್ತಿದ್ದಾಳೆ.

ಜೂನ್ 5
ಪುರಸಭೆಯಿಂದ ಮಾರಿಸೋಲ್ ಎಂಬುವಳು ಬಂದಿದ್ದಳು. ರಾಜಧಾನಿಯ ಹುಡುಗಿ. ಅವರ ಯೋಜನೆ ಹೇಳಿದಳು: ಊರಾಚೆ ಒಂದೇ ದೊಡ್ಡ ಬಾಯ್ಲರ್, ಅದಕ್ಕೆ ಮರದ ಮಿಲ್ಲಿನ ಒಣ ಚಕ್ಕೆ, ಅಲ್ಲಿಂದ ಮನೆಮನೆಗೆ ಬಿಸಿನೀರಿನ ಪೈಪು. ಕಾರ್ಬನ್ ಕಡಿಮೆ, ಬೀದಿಯಲ್ಲಿ ಹೊಗೆ ಇಲ್ಲ. ಆದರೆ ಇಡೀ ಬೀದಿ ಒಪ್ಪಬೇಕು. ಹಳೆಯ ಒಲೆ ಕೊಡಬೇಕು — ಮತ್ತೆ ಯಾರೂ ಹೊತ್ತಿಸದ ಹಾಗೆ ಒಡೆಯುತ್ತಾರಂತೆ.
ಮಾಟೆ ಕೊಟ್ಟೆ — ಒಂದೇ ಸೋರೆ ಬುರುಡೆಗೆ ಮತ್ತೆ ಮತ್ತೆ ಬಿಸಿನೀರು ತುಂಬಿ, ಸರದಿಯಂತೆ ಎಲ್ಲರೂ ಕೊಳವೆಯಲ್ಲಿ ಹೀರುವ ನಮ್ಮ ಎಲೆಯ ಕಷಾಯ. ಒಂದು ಬುರುಡೆ ಹೀರಿ "ಧನ್ಯವಾದ, ದೋನ್ಯಾ" ಎಂದಳು. ಮುಗಿಯಿತು. ನಮ್ಮಲ್ಲಿ ಧನ್ಯವಾದ ಎಂದರೆ ಸಾಕು ಎಂದು. ಮತ್ತೆ ಸರದಿ ಬರುವುದಿಲ್ಲ. ಬುರುಡೆ ತನ್ನನ್ನು ದಾಟಿ ಹೋಗುವುದನ್ನೇ ನೋಡುತ್ತಾ ಕೂತಳು, ಪಾಪ. ಸೊಸೆ ನಿಲ್ಡಾ ಮುಸಿಮುಸಿ ನಕ್ಕಳು.

ಜೂನ್ 8, ಸಂಜೆ
ಸಂಘದ ಸಭೆ. ಎಲ್ಲರ ಕಣ್ಣೂ ನನ್ನ ಮೇಲೆ.
"ನೀವು ಕೊಟ್ರೆ ನಾವೂ ಕೊಡ್ತೀವಿ, ದೋನ್ಯಾ," ಎಂದ ಪಕ್ಕದ ಮನೆಯ ಚಿಗುವಾಯ್. "ಆದ್ರೆ ನೀವು ಕೊಡೋರಾ? ಮಕ್ಕಳ ಮೈ ತೊಳೆದಂಗೆ ತೊಳೀತೀರ ಆ ಒಲೇನ!"
"ನಿನ್ ಚಿಮಣಿ ಗುಡಿಸಿದ್ದು ಯಾವಾಗ? ಅದನ್ನ ಹೇಳು ಮೊದ್ಲು."
ನಕ್ಕರು. ಯೋಚಿಸಿ ಹೇಳುತ್ತೇನೆಂದು ಎದ್ದು ಬಂದೆ.
ಅವನಿಗೇನು ಗೊತ್ತು. ನನ್ನ ಗಂಡ ಫ್ಲೋರಿಂದೊ ತೀರಿಹೋದದ್ದು ಆ ಒಲೆಯ ಪಕ್ಕದ ಬೆಂಚಿನ ಮೇಲೆ. ಬುರುಡೆ ನನ್ನ ಕೈಗೆ ಮರಳಿಸಿದರು. ನೀರು ತುಂಬಲು ತಿರುಗಿದೆ… ಧನ್ಯವಾದ ಹೇಳಿರಲಿಲ್ಲ. ಅಂದರೆ ಅವರ ಸರದಿ ಇನ್ನೂ ಇದೆ. ದಿನಾ ಸಂಜೆ ಒಂದು ತುಂಬಿ ಒಲೆಯ ಅಂಚಿಗಿಡುತ್ತೇನೆ. ಆರುವವರೆಗೆ ಕಾಯುತ್ತೇನೆ.

ಜೂನ್ 19
ಬರೆಯಲಾಗಲಿಲ್ಲ. ಆಸ್ಪತ್ರೆ. ಅಯೆಲೆನ್ ಮೂಗಿಗೆ ಆಕ್ಸಿಜನ್.
"ಅಜ್ಜಿ, ಇಲ್ಲಿ ಹೊಗೆ ವಾಸ್ನೆ ಇರ್ಲಿಲ್ಲ. ನೀನ್ ಬಂದೆ, ಬಂತು."
ಶಾಲು ಮೂಸಿ ನೋಡಿದೆ. ಗಂಡನ ವಾಸನೆಯೆಂದು ಇಷ್ಟು ವರ್ಷ ಒಗೆಯದೆ ಉಳಿಸಿಕೊಂಡದ್ದು. ತೆಗೆದು ಹೊರಗಿನ ಕುರ್ಚಿಯ ಮೇಲೆ ಬಿಟ್ಟು ಒಳಗೆ ಹೋದೆ.

ಜೂನ್ 21
ಒಲೆ ಕೊಡಲು ಒಪ್ಪಿದೆ. ಸಂಜೆಯೊಳಗೆ ಬೀದಿಯೆಲ್ಲ ಒಪ್ಪಿತು. ಅಯೆಲೆನ್ ಆಸ್ಪತ್ರೆಯಿಂದ ಬಿಟ್ಟಳು; ಚಳಿ ಮುಗಿಯುವವರೆಗೆ ತಾಯಿಯ ತವರಿನಲ್ಲಿ, ಸಮುದ್ರದ ಕಡೆ. ಮನೆಯಲ್ಲಿ ಕೆಮ್ಮೂ ಇಲ್ಲ.

ಮರುವರ್ಷ, ಮಾರ್ಚ್ 30
ಪೈಪಿಗೆ ಬಿಸಿನೀರು ಬಂತು. ಅಯೆಲೆನ್ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದಾಳೆ. ಮಾರಿಸೋಲ್ ಬಂದಳು, ಬುರುಡೆಯ ಮೇಲೆ ಬುರುಡೆ ಹೀರಿದಳು, ಬಾಯಿ ಬಿಡಲಿಲ್ಲ. ಕಲಿತಿದ್ದಾಳೆ.
ಮಧ್ಯಾಹ್ನ ಒಲೆ ಒಡೆದರು. ಮೊದಲು ನಮ್ಮದೇ. ಚಿಗುವಾಯ್ ಟೋಪಿ ತೆಗೆದು ನಿಂತಿದ್ದ.
ಅದಕ್ಕೂ ಮುಂಚೆ, ಬೆಳಿಗ್ಗೆ, ಕೊನೆಯ ಸಲ ತುಂಬಿ ಅಂಚಿಗಿಟ್ಟೆ. ಆರಲು ಬಿಡಲಿಲ್ಲ. ನಾನೇ ಹೀರಿದೆ. ಆಮೇಲೆ ಬೆಂಚಿನ ಕಡೆ ತಿರುಗಿ, ಅವರ ಪರವಾಗಿ ನಾನೇ ಹೇಳಿದೆ, ನಿಲ್ಡಾಗೂ ಕೇಳಿಸುವಷ್ಟು ಜೋರಾಗಿ — "ಧನ್ಯವಾದ."