ಮಲ್ಲಿಗೆ ಮುಡಿದು ಬಂದವರು

ಅವ್ವಾ,

ಇವತ್ತು ಗೆದ್ದೆ ಕಣವ್ವಾ! ನಾನು ನರ್ಸಾಗಿರುವ ತುರ್ತು ವಿಭಾಗಕ್ಕೆ ಕೊತ್ತತ್ತಿಯ ಪಟ್ಟಲಮ್ಮ ಬಂದರು. ಒಳ್ಳೇ ಸೀರೆ, ಮುಡಿತುಂಬ ಮಲ್ಲಿಗೆ.

“ವಸಿ ಎದೆ ಉರಿ ಕಣಮ್ಮ, ಪಕ್ಕದಲ್ಲಿರೋರ್ನ ಮೊದ್ಲು ನೋಡು” ಅಂದರು.

“ಚೆನ್ನಾಗೇ ಇದ್ದಾರೆ, ಕೈಗೆ ಹಸಿರು ಪಟ್ಟಿ ಕಟ್ಟು, ಕಾಯಲಿ” ಎಂದರು ಸೀನಿಯರ್ ಸಿಸ್ಟರ್. ನಾನು ಪಟ್ಟಲಮ್ಮನ ಕೈ ಮುಟ್ಟಿದೆ, ತಣ್ಣಗೆ ಬೆವೆತಿತ್ತು. ಜಗಳವಾಡಿ ಕೆಂಪು ಪಟ್ಟಿ ಕಟ್ಟಿ ಒಳಗೆ ಕರೆದೊಯ್ದೆ. ಹೃದಯಾಘಾತವೇ! ಬದುಕಿಕೊಂಡರು!

ನಾಳೆಯೇ ಮದ್ದೂರು, ಮಳವಳ್ಳಿ ಆಸ್ಪತ್ರೆಗಳಿಗೂ ಕರಪತ್ರ ಹಂಚುತ್ತೇನೆ: “ಸೀರೆ ನೋಡಬೇಡಿ, ನಾಡಿ ನೋಡಿ!”

ಪಟ್ಟಲಮ್ಮನ ಮಗಳು ಅಳುತ್ತಿದ್ದಳು. “ಆಸ್ಪತ್ರೆಗೆ ಓಗೋರು ನೀಟಾಗಿರ್ಲಿ ಅಂತ ನಾನೇ ಊವ ಮುಡಿಸ್ದೆ ಕಣಕ್ಕ.”

“ನಿನ್ ತಪ್ಪೇನಿಲ್ಲ ಬುಡು” ಎಂದೆ.

ಹಸಿರು ಪಟ್ಟಿ ಕಟ್ಟಿಸಿಕೊಂಡು ನೀನು ಬೆಂಚಿನ ಮೇಲೆ ಕಾಯುತ್ತಲೇ ಜೀವ ಬಿಟ್ಟ ದಿನ, ನಿನಗೂ ನಾನೇ ಹೂ ಮುಡಿಸಿದ್ದೆ.