ಎಡಗಡೆಯ ಕಿತ್ತಳೆ ಟ್ಯೂಬು

ವೀಬ್ರೆನ್,

ಅಪ್ಪನ್ನ ಕರ್ಕೊಂಡು ಬರೋಕೆ ಹಾರ್ಲಿಂಗನ್‌ಗೆ ಹೊರಟೆ. ನಾಲ್ಕು ಗಂಟೆಗೆ ಬರ್ತೀವಿ. ಇವತ್ತು ಎಂಬತ್ತು ತುಂಬಿದ ಮನುಷ್ಯನಿಗೆ ಅವರದೇ ಮೀನುದೋಣಿಯ ಮಾದರಿಯನ್ನ ಅರ್ಧ ಬಣ್ಣದಲ್ಲಿ ಕೊಟ್ಟು ಮರ್ಯಾದೆ ಕಳೀಬೇಡ.

ಗಾಳೀಲಿ ಬಣ್ಣ ಊದೋ ನಿನ್ನ ಏರ್‌ಬ್ರಷ್ ಸೋರೋದಕ್ಕೆ ಸೂಜಿ ಕಾರಣ ಅಲ್ಲ, ಬಣ್ಣ ಕಾರಣ ಅಲ್ಲ, ನನ್ನ ಬೆಕ್ಕಂತೂ ಅಲ್ಲವೇ ಅಲ್ಲ. ಬಣ್ಣದ ಬಟ್ಟಲಲ್ಲಿ ಗುಳ್ಳೆ ಏಳ್ತಿದೆ ಅಂದ್ರೆ ಗಾಳಿ ಹಿಂದಕ್ಕೆ ನುಗ್ತಿದೆ ಅಂತ ಅರ್ಥ. ಬಿಚ್ಚಿ ನೋಡಿದೆ. ಮೂತಿಯ ಹಿಂದೆ ಇರಬೇಕಾದ ಪುಟ್ಟ ಬಿಳಿ ವಾಷರೇ ಇಲ್ಲ.

ಅದು ನಿನ್ನ ಮಾದರಿ ದೋಣಿ ಮೇಲಿದೆ. ಮುಳುಗೋರಿಗೆ ಎಸೆಯೋ ಟ್ಯೂಬು ಎರಡು ಅಂಟಿಸಿದ್ದೀಯಲ್ಲ, ಎಡಗಡೇದನ್ನ ಉಗುರಲ್ಲಿ ಕೆರೆದು ನೋಡು. ಮಾದರಿಯ ಬಿಡಿಭಾಗಗಳ ಪೆಟ್ಟಿಗೇಲಿ ಬಂದಿದ್ದು ಒಂದೇ ಟ್ಯೂಬು ಮಾರಾಯ. ಏರ್‌ಬ್ರಷ್ ತೊಳೆದು ವಾಷರನ್ನ ಮೇಜಿನ ಮೇಲೆ ಮರೆತವನೂ ನೀನೇ, ಭೂತಗನ್ನಡಿ ಹಿಡಿದು ಒಂದು ಗಂಟೆ ಅದಕ್ಕೆ ಕಿತ್ತಳೆ ಬಣ್ಣ ಬಳಿದವನೂ ನೀನೇ.

ಮೆಲ್ಲಗೆ ಕಿತ್ತು, ಥಿನ್ನರ್‌ನಲ್ಲಿ ಒರೆಸಿ, ವಾಪಸ್ ಹಾಕು. ಬೆರಳಲ್ಲಿ ತಿರುಗಿಸಿದ್ರೆ ಸಾಕು, ಇಕ್ಕಳ ಮುಟ್ಟಿದ್ರೆ ಕೈ ಮುರೀತೀನಿ. ಮೊದಲು ನೀರು ಹಾಕಿ ಊದಿಸು. ಗುಳ್ಳೆ ಬರದಿದ್ರೆ ದೋಣಿಯ ಅಡಿಗೆ ಕೆಂಪು ಹೊಡೆದು ಮುಗಿಸು. ಬಟಾಣಿ ಸೂಪು ಒಲೆ ಮೇಲಿದೆ. ಅದರ ಸೌಟಿನಲ್ಲಿ ಬಣ್ಣ ಕಲಸಬೇಡ.

ಎಡಗಡೆ ಖಾಲಿನೇ ಇರಲಿ. ನನ್ನೆದುರು ಜಂಬ ತೋರಿಸೋಕೆ ಹೋಗಿ ನೀನು ಬಂದರಿನ ನೀರಿಗೆ ಬಿದ್ದ ದಿನ ಅಪ್ಪ ತಮ್ಮ ದೋಣಿಯಿಂದ ಎಸೆದಿದ್ದು ಆ ಎಡಗಡೆ ಟ್ಯೂಬನ್ನೇ. ಆಮೇಲೆ ಅವರು ಆ ಜಾಗದಲ್ಲಿ ಇನ್ನೊಂದನ್ನ ನೇತುಹಾಕಲೇ ಇಲ್ಲ. ಕೇಳಿದ್ರೆ, "ಒಂದು ಸಲ ಎಸೆದಿದ್ದಕ್ಕೇ ಅಳಿಯ ಗಂಟುಬಿದ್ದ, ಸಾಕು" ಅಂತಾರೆ.

ರೆನ್ಸ್ಕೆ